ಅಕ್ಕಿಯ ಮೇಲೆ ಬರೆದ ಹೆಸರು

ನಮ್ಮ ಮನೆತನಕ್ಕೆ ಹಿರಿಯ ಸೊಸೆಯಾಗಿ ಬಂದವಳಿಗೆ ತವರಿನ ಹೆಸರು ಉಳಿಯುತ್ತಿರಲಿಲ್ಲ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಗೆ ಚಿನ್ನದ ಉಂಗುರ ಕೊಟ್ಟು, ಅಕ್ಕಿಯ ಮೇಲೆ ಮನೆದೇವತೆಯ ಹೆಸರನ್ನು ಬರೆಸುತ್ತಿದ್ದರು. ಅಂದಿನಿಂದ ಅವಳ ಹೆಸರೂ ಅದೇ. ನನ್ನ ತಾಯಿಗೆ ಅದೇ ಹೆಸರು, ನನ್ನ ತಂದೆಯ ತಾಯಿಗೆ ಅದೇ, ಅವರ ಅತ್ತೆಗೂ ಅದೇ. ಶ್ರಾದ್ಧದಲ್ಲಿ ಮೂರು ತಲೆಮಾರಿನ ಹೆಂಗಸರನ್ನು ಕರೆಯುವಾಗ ನಾವು ಒಂದೇ ಹೆಸರನ್ನು ಮೂರು ಸಲ ಹೇಳುತ್ತಿದ್ದೆವು. ಇದರಲ್ಲಿ ಯಾರಿಗೂ ಏನೂ ಕೊರತೆ ಕಂಡಿರಲಿಲ್ಲ, ಪಲ್ಲಾವರದ ಅತ್ತೆ ಬಾಯಿ ಬಿಡುವವರೆಗೆ.

ಅವರು ನನ್ನ ತಂದೆಯ ಚಿಕ್ಕಪ್ಪನ ಮಗಳು, ತಂದೆಗಿಂತ ಮೂರು ನಾಲ್ಕು ವರ್ಷ ಹಿರಿಯರು. ಬಳ್ಳಾರಿ ಕಡೆಯಿಂದ ರೈಲ್ವೆ ನೌಕರಿಗೆಂದು ಮದರಾಸಿಗೆ ಬಂದ ನನ್ನ ಅಜ್ಜ ಮತ್ತು ಅವರ ತಮ್ಮ ಒಂದೇ ಮನೆಯಲ್ಲಿ ಸಂಸಾರ ಹೂಡಿದ್ದರು. ಅತ್ತೆ ಹುಟ್ಟಿ ಬೆಳೆದದ್ದು ಆ ಮನೆಯಲ್ಲಿ. ಎಪ್ಪತ್ತರ ದಶಕದ ಕೊನೆಯಲ್ಲಿ, ಬಂಧುಗಳೊಬ್ಬರ ಮದುವೆಯ ಊಟದ ಪಂಕ್ತಿಯಲ್ಲಿ, ನನ್ನ ಎದುರಿನ ಎಲೆಯಿಂದ ಅವರು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದರು:

“ನಿಮ್ಮಪ್ಪ ವರ್ಷ ವರ್ಷ ಅಮ್ಮನ ತಿಥಿ ಮಾಡ್ತಾನಲ್ಲ, ಯಾರಿಗೆ ಮಾಡ್ತಿದೀನಿ ಅಂತ ಗೊತ್ತೇನೋ ಅವನಿಗೆ? ಆ ಮನೇಲಿ ಆ ಹೆಸರಿನೋರು ಇಬ್ಬರಿದ್ರು. ಒಬ್ಬಳು ಹೋದ ಮೇಲೆ ಇನ್ನೊಬ್ಬಳು.”

ಅಷ್ಟು ಹೇಳಿ, ಬಡಿಸುವವನನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಆ ಹೋಳಿಗೆಯನ್ನು ನಾನು ಇಂದಿಗೂ ಮರೆತಿಲ್ಲ.

ವಿಷಯ ನನ್ನ ಬಾಯಿಂದಲ್ಲದೆ ಬೇರೆ ಬಾಯಿಂದ ತಂದೆಯನ್ನು ತಲುಪಬಾರದೆಂದು ಅದೇ ಸಂಜೆ ಕೀಲ್ಪಾಕಿನ ನಮ್ಮ ಮನೆಯಲ್ಲಿ ಅವರಿಗೆ ತಿಳಿಸಿದೆ. ಅವರಿಗೆ ತಾಯಿಯ ಮುಖದ ನೆನಪಿರಲಿಲ್ಲ. ಅವರಿಗೆ ಬುದ್ಧಿ ಬರುವ ಮೊದಲೇ ತಾಯಿ ತೀರಿದ್ದರು. ಅಜ್ಜ ಎರಡು ಮದುವೆಯಾಗಿದ್ದ ಸಂಗತಿಯನ್ನು ಯಾರೂ ಹೇಳಿರಲಿಲ್ಲ. ತಿಥಿಯ ದಿನವನ್ನು ಕೂಡ ಅಜ್ಜ ಹಠಾತ್ತನೆ ತೀರಿಕೊಂಡ ಮೇಲೆ ಯಾರೋ ಬಂಧುಗಳು ಗೊತ್ತುಮಾಡಿಕೊಟ್ಟದ್ದು. ತಂದೆ, “ಯಾರ ಹೊಟ್ಟೇಲಿ ಹುಟ್ಟಿದೆ ಅಂತ ನೋಡಿ ಹೇಳು,” ಎಂದರು. ಎಪ್ಪತ್ತು ದಾಟಿದ ಮನುಷ್ಯ, ಕಳೆದುಹೋದ ಕನ್ನಡಕ ಹುಡುಕಿಕೊಡು ಎನ್ನುವ ದನಿಯಲ್ಲಿ ಹಾಗೆ ಹೇಳಿದರು.

ನಾನು ವಿಮಾ ಕಚೇರಿಯಲ್ಲಿದ್ದವನು. ಜನನ ಮರಣಗಳ ದಾಖಲೆ ನೋಡುವುದು ನನಗೆ ಹೊಸತಲ್ಲ. ರಜೆ ಹಾಕಿ, ಮದರಾಸಿನ ಹಳೆಯ ರಿಜಿಸ್ಟರುಗಳನ್ನಿಟ್ಟಿದ್ದ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತ, “ನಾಳೈಕ್ಕು ವಾಂಗ ಸಾರ್,” ಎಂದು ನಾಳೆ ಬರಹೇಳಿದ. ಮರುದಿನವೂ ಅದನ್ನೇ ಅಂದ. ಕೊನೆಗೆ ಅವನ ಮೇಲಧಿಕಾರಿಯ ಮುಂದೆ ಅರ್ಜಿಯಿಟ್ಟು ನಿಂತಾಗ ಪುಸ್ತಕಗಳು ಹೊರಬಂದವು. ಮುಟ್ಟಿದರೆ ಪುಡಿಯಾಗುವ ಹಾಳೆಗಳು.

ಅಜ್ಜನ ಹೆಸರು ಸಿಕ್ಕಿತು. ಅವರಿಗೆ ಗಂಡು ಮಗು ಹುಟ್ಟಿದ ದಾಖಲೆಯೂ ಸಿಕ್ಕಿತು. ತಾಯಿಯ ಹೆಸರಿನ ಜಾಗದಲ್ಲಿ ನಮ್ಮ ಮನೆದೇವತೆಯ ಹೆಸರು. ಕೆಲಸ ಮುಗಿಯಿತೆಂದುಕೊಂಡೆ. ಮುಂದಿನ ಸಂಪುಟ ತೆರೆಯದೆ ಎದ್ದುಬಂದಿದ್ದರೆ ಒಳ್ಳೆಯದಿತ್ತು. ಅದರಲ್ಲಿ ಅದೇ ಹೆಸರಿನ ಹೆಂಗಸಿನ ಮರಣ ದಾಖಲಾಗಿತ್ತು. ಅದಾದ ಮೇಲಿನದರಲ್ಲಿ ಮತ್ತೊಂದು ಗಂಡು ಮಗು, ತಂದೆ ತಾಯಿಗಳ ಹೆಸರು ಅವೇ. ಆಮೇಲೆ ಒಂದು ಶಿಶುವಿನ ಸಾವು. ಆಮೇಲೆ ಮತ್ತೆ ಆ ಹೆಸರಿನ ಹೆಂಗಸಿನ ಸಾವು.

ಹಾಗಾದರೆ ಇಬ್ಬರು ತಾಯಂದಿರು, ಇಬ್ಬರು ಗಂಡುಮಕ್ಕಳು, ಉಳಿದವನು ಒಬ್ಬ. ಯಾವನು? ನಾಮಕರಣಕ್ಕೆ ಮೊದಲೇ ಬರೆಸಿದ ದಾಖಲೆಗಳಾದ್ದರಿಂದ ಎರಡೂ ಮಕ್ಕಳಿಗೆ ಹೆಸರಿರಲಿಲ್ಲ. ಸತ್ತದ್ದೂ ಬರೀ ‘ಗಂಡು ಶಿಶು’. ವಯಸ್ಸಿನ ಜಾಗದಲ್ಲಿ ಮಸಿ ಹರಡಿತ್ತು. ತಂದೆಯ ಶಾಲೆಯ ಸರ್ಟಿಫಿಕೇಟು ಹಿಡಿದು ತಾಳೆ ನೋಡಿದರೆ ಅದು ಎರಡಕ್ಕೂ ಹೊಂದಲಿಲ್ಲ. ಆ ಕಾಲದಲ್ಲಿ ನೌಕರಿಗೆ ಅನುಕೂಲವಾಗಲೆಂದು ಶಾಲೆಗೆ ಸೇರಿಸುವವರು ಹುಡುಗನ ವಯಸ್ಸು ಇಳಿಸಿ ಬರೆಸುತ್ತಿದ್ದರು. ಜಾತಕ ಎಂದೋ ಗೆದ್ದಲು ತಿಂದುಹೋಗಿತ್ತು. ಹಳೆಯ ಪಂಚಾಂಗ ತರಿಸಿ ನೋಡಿದಾಗ, ನಾವು ಆಚರಿಸುತ್ತಿದ್ದ ತಿಥಿ ಎರಡನೆಯವಳದು ಎಂದು ತಿಳಿಯಿತು. ಬಂಧುಗಳು ಈಚಿನ ಸಾವನ್ನು ನೆನಪಿಟ್ಟುಕೊಂಡು ಹೇಳಿರಬೇಕು. ಅದರಿಂದ ಏನೂ ಸಾಬೀತಾಗಲಿಲ್ಲ. ತಂದೆ ಮೊದಲನೆಯವಳ ಮಗನಾಗಿದ್ದರೆ, ಹೆತ್ತವಳಿಗೆ ಇಷ್ಟು ವರ್ಷ ಒಂದು ತುತ್ತೂ ಮುಟ್ಟಿರಲಿಲ್ಲ.

ಪುರೋಹಿತರು ಸಲೀಸಾಗಿ ಹೇಳಿದರು: “ಅದಕ್ಕೇನು, ಎರಡೂ ತಿಥಿ ಮಾಡಿಬಿಡಿ. ಮಲತಾಯಿಗೂ ಶಾಸ್ತ್ರ ಉಂಟು.”

“ಎರಡೂ ಮಾಡ್ತೀನಿ ಸ್ವಾಮಿ,” ಎಂದರು ತಂದೆ. “ಅಮ್ಮ ಅನ್ನೋದು ಯಾರಿಗೆ?”

ಪುರೋಹಿತರು ವಾಚು ನೋಡಿಕೊಂಡರು. ಅವರಿಗೆ ಅಂದು ಇನ್ನೊಂದು ಮನೆಯಿತ್ತು.

ಹೇಳಬಲ್ಲವರೆಂದು ಉಳಿದಿದ್ದವರು ಪಲ್ಲಾವರದ ಅತ್ತೆ ಒಬ್ಬರೇ. ಹೋದೆ. ಬಿಸಿಲಿನಲ್ಲಿ ನಡೆದು ಬಂದವನಿಗೆ ಕಾಫಿ ಕೊಡಲಿಲ್ಲ. ನೀರು ಕೊಟ್ಟರು, ಅದೂ ಕೇಳಿದ ಮೇಲೆ. ಬಂದ ಕಾರಣ ಹೇಳಿದೆ. ಅವರು ಹೂ ಕಟ್ಟುವುದನ್ನು ನಿಲ್ಲಿಸದೆ,

“ನಿನ್ನ ಮಗನ ಮುಂಜಿಗೆ ನನ್ನನ್ನ ಹ್ಯಾಗೆ ಕರೆದೆ?” ಎಂದರು.

“ಪತ್ರಿಕೆ ಬಂದಿತ್ತಲ್ಲ ಅತ್ತೆ.”

“ಬಂತು. ಪೋಸ್ಟ್‌ಮನ್ ತಂದ. ಕುಂಕುಮ ಅವನು ಇಟ್ಟನೇನೋ ನನಗೆ? ಕೀಲ್ಪಾಕಿಂದ ಪಲ್ಲಾವರಕ್ಕೆ ಟ್ರೈನ್ ಇಲ್ವೇ?”

ಆಗ ನನ್ನ ಹೆಂಡತಿ ಟೈಫಾಯ್ಡಿನಿಂದ ಆಸ್ಪತ್ರೆಯಲ್ಲಿದ್ದಳು. ಯಾರ ಮನೆಗೂ ಕುಂಕುಮ ಹಿಡಿದು ಹೋಗಲಾಗಿರಲಿಲ್ಲ. ಅದನ್ನು ಪತ್ರಿಕೆಯ ಮೂಲೆಯಲ್ಲಿ ಬರೆದೇ ಕಳಿಸಿದ್ದೆ. ಅವರ ಮಗಳ ಮದುವೆಗೆ ನಮಗೆ ಪತ್ರಿಕೆಯೂ ಬಂದಿರಲಿಲ್ಲವೆಂಬುದನ್ನು ನಾನು ಎತ್ತಲಿಲ್ಲ. ಎತ್ತಬೇಕಿತ್ತು.

“ಟಪಾಲಲ್ಲಿ ಕರೆದವರಿಗೆ ಟಪಾಲಲ್ಲೇ ಹೇಳ್ತೀನಿ,” ಎಂದರು. “ಹೋಗು, ಮನೇಲಿ ಕೂತು ಕಾಯಿ.”

ನಾನು ಕಾಯಲಿಲ್ಲ, ತಂದೆ ಕಾದರು. ಅಂಚೆಯವನು ಬರುವ ಹೊತ್ತಿಗೆ ಸರಿಯಾಗಿ ಜಗಲಿಗೆ ಕುರ್ಚಿ ಹಾಕಿಸಿಕೊಳ್ಳುವರು. ಅವನು ತಲೆಯಾಡಿಸಿ ಮುಂದೆ ಹೋದ ಮೇಲೆ ದಿನಪತ್ರಿಕೆ ಬಿಡಿಸುವರು. ಆ ವರ್ಷದ ತಿಥಿ ಹಾಗೆಯೇ ಕಳೆಯಿತು. ಮುಂದಿನ ವರ್ಷದ್ದು ಸಮೀಪಿಸಿದಾಗ ಅವರು ತಾವೇ ಹೊರಟರು. ಬೇಡವೆಂದೆ, ಕೇಳಲಿಲ್ಲ. ಚೇತ್‌ಪಟ್ಟಿನಲ್ಲಿ ರೈಲು ಹತ್ತಿದೆವು. ಅವರ ತೊಡೆಯ ಮೇಲೊಂದು ಚೀಲ. ಅದರಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ರವಿಕೆ ಕಣ, ಕುಂಕುಮದ ಪೊಟ್ಟಣ.

ಅತ್ತೆ ಬಾಗಿಲಲ್ಲೇ ನಿಂತು ಚೀಲ ನೋಡಿ ನಕ್ಕರು. “ಬಾಪ್ಪ. ಮುಂಜಿಗೆ ಟಪಾಲು, ತಿಥಿ ವಿಷಯಕ್ಕೆ ಖುದ್ದು! ಒಳ್ಳೆ ಮನೆತನ.”

“ತಪ್ಪಾಯ್ತು ಅಕ್ಕ,” ಎಂದರು ತಂದೆ. ತಪ್ಪು ನಮ್ಮದಾಗಿರಲಿಲ್ಲ, ಹಾಗೆ ಹೇಳಬಾರದಿತ್ತು. ಅವರು ಬಾಗಿ, ಅಕ್ಕನ ಮುಂದೆ ಹಣ್ಣು ಕಾಯಿ ಇಟ್ಟು, ಕುಂಕುಮದ ಪೊಟ್ಟಣವನ್ನು ಬಿಚ್ಚಿ ಹಿಡಿದರು. ಅತ್ತೆ ಇಟ್ಟುಕೊಂಡರು. ಈ ಸಲ ಕಾಫಿ ಬಂತು.

“ಈಗ ಹೇಳಕ್ಕ. ನಾನು ಯಾರ ಮಗ?”

ಅತ್ತೆ ರವಿಕೆ ಕಣವನ್ನು ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿದರು. ಅವರ ಮುಖದ ಬಿಗುಮಾನ ಇಳಿಯುತ್ತ ಬಂತು.

“ನಂಗೆ ಗೊತ್ತಿಲ್ಲ ಕಣೋ.”

“ಅಕ್ಕ!”

“ದೇವರಾಣೆ ಗೊತ್ತಿಲ್ಲ. ನಾನಾಗ ಇಷ್ಟುದ್ದ ಇದ್ದೆ. ಇಬ್ಬರಿದ್ರು ಅಂತ ನಮ್ಮಮ್ಮ ಆಮೇಲೆ ಹೇಳಿದ್ದು. ನೀನು ಯಾರ ಮಗ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಇಬ್ಬರನ್ನೂ ದೊಡ್ಡಮ್ಮ ಅಂತಲೇ ಕರೀತಿದ್ದೆ. ಒಬ್ಬಳು ಹೋಗಿ ಇನ್ನೊಬ್ಬಳು ಬಂದದ್ದೇ ನನಗೆ ತಿಳೀಲಿಲ್ಲ. ಒಬ್ಬಳು ನನಗೆ ಜಡೆ ಹಾಕ್ತಿದ್ಲು. ಅಷ್ಟೇ ನೆನಪು. ಅವಳು ಯಾವಳು ಅಂತ ಕೇಳಬೇಡ.”

ಗೊತ್ತಿಲ್ಲದ ಸಂಗತಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಂತೆ ನಟಿಸಿ, ಒಬ್ಬ ಮುದುಕನನ್ನು ವರ್ಷವಿಡೀ ಜಗಲಿಯಲ್ಲಿ ಕೂರಿಸಿದ್ದರು. ನಾನು ಅದನ್ನು ಹೇಳಲು ಎದ್ದು ನಿಂತೆ. ತಂದೆ ನನ್ನ ಶರ್ಟಿನ ಅಂಚು ಹಿಡಿದು ಕೂರಿಸಿದರು.

“ಅಕ್ಕ, ಜಡೆ ಬಿಗಿಯಾಗಿ ಹಾಕ್ತಿದ್ಲೋ, ಸಡಿಲವಾಗೋ?”

“ಬಿಗಿ. ಕಣ್ಣಲ್ಲಿ ನೀರು ಬರೋಷ್ಟು. ಅತ್ತರೆ ತಲೆಗೊಂದು ಮೊಟಕೋಳು.”

“ಆಮೇಲೆ?”

“ಆಮೇಲೇನು, ಬೆಲ್ಲ ಕೊಡೋಳು.”

ಹಿಂತಿರುಗುವಾಗ ರೈಲಿನಲ್ಲಿ ತಂದೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮೀನಂಬಾಕಂ ದಾಟಿದ ಮೇಲೆ, “ಬೆಲ್ಲ ಕೊಡ್ತಿದ್ಲಂತೆ,” ಎಂದರು. ಆ ಕೈ ಯಾರದೆಂದು ಅತ್ತೆಗೇ ತಿಳಿಯದು, ಅದು ಹೆತ್ತವಳ ಕೈಯೇ ಆಗಿರಬೇಕೆಂದಿಲ್ಲ ಎಂದು ಅವರಿಗೆ ವಿವರಿಸಬೇಕೆಂದುಕೊಂಡೆ. ರಿಜಿಸ್ಟರಿನ ನಕಲುಗಳು ನನ್ನ ಚೀಲದಲ್ಲೇ ಇದ್ದವು. ತೆಗೆಯಲಿಲ್ಲ.

ಬದುಕಿದ್ದಷ್ಟು ಕಾಲ ಅವರು ಎರಡು ತಿಥಿಗಳನ್ನೂ ಮಾಡಿದರು. ಎರಡಕ್ಕೂ ಎಲೆಯ ತುದಿಯಲ್ಲಿ ಒಂದು ಚೂರು ಬೆಲ್ಲ ಇಡಿಸಿದರು. ಶಾಸ್ತ್ರದಲ್ಲಿ ಅದಿಲ್ಲವೆಂದು ಪುರೋಹಿತರು ಪ್ರತಿ ಸಲ ಹೇಳುತ್ತಿದ್ದರು. ಈಗ ಕರ್ಮ ನನ್ನ ಕೈಗೆ ಬಂದಿದೆ. ನನ್ನ ತಾಯಿಯೂ ಈಗಿಲ್ಲ, ಅವರ ಮುಖ ನನಗೆ ಗೊತ್ತು. ಮೊದಲ ಸಲ ಆ ಹೆಸರು ಹೇಳುವಾಗ ತೊಡಕಿಲ್ಲ. ಎರಡನೆಯ ಸಲ, ತಂದೆಯ ತಾಯಿಗೆಂದು ಹೇಳುವಾಗ ನಾಲಿಗೆ ನಿಲ್ಲುತ್ತದೆ, ಪುರೋಹಿತರು “ಹೂಂ, ಹೇಳಿ” ಎನ್ನುತ್ತಾರೆ, ನಾನು ಅದೇ ಹೆಸರನ್ನು ಹೇಳುತ್ತೇನೆ.