ವಿಭೂತಿ ಹಚ್ಚಿಕೊಂಡು ಬಂದ ಹೊಸ ಡ್ರೈವ್

ಆಯುಧಪೂಜೆಯ ದಿನ ನಮ್ಮಮ್ಮ ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಒಂದು ಹಿಡಿ ಅಕ್ಷತೆ ಹಾಕಿದಳು. ಟೈಪ್‌ರೈಟರಿಗೆ ಹಾಕುತ್ತಿದ್ದ ಹಾಗೆಯೇ ಹಾಕಿದಳು. ನಾನೂ ಪಕ್ಕದಲ್ಲಿ ಕೈಮುಗಿದುಕೊಂಡೇ ನಿಂತಿದ್ದೆ, ಬೇಡ ಎನ್ನಬೇಕೆಂದು ನನಗೂ ಹೊಳೆಯಲಿಲ್ಲ. ಆಮೇಲೆ ಆದದ್ದಕ್ಕೆಲ್ಲ ಅಮ್ಮನನ್ನು ಬೈದುಕೊಂಡು ಓಡಾಡಿದೆನಲ್ಲ, ಅದಕ್ಕೇ ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ.

ಜಯನಗರ ಒಂಬತ್ತನೇ ಬ್ಲಾಕಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎಪ್ಪತ್ತರ ದಶಕದಿಂದಲೂ ಅಪ್ಪನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಆರು ಟೈಪ್‌ರೈಟರು, ಆರು ಸ್ಟೂಲು, ಒಂದು ಗೋಡೆ ಗಡಿಯಾರ. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಕಲಿಯಲು ಬರುವವರು ಕಡಿಮೆಯಾದರು. ನಾಲ್ಕು ಟೈಪ್‌ರೈಟರು ಮಾರಿ ಒಂದು ಕಂಪ್ಯೂಟರು ತಂದು, ಥೀಸಿಸ್ ಟೈಪ್ ಮಾಡಿಕೊಡುವ ಕೆಲಸ ಶುರು ಮಾಡಿದೆ. ಅದರ ಮುಖಕ್ಕೆ ಎರಡು ಸೀಳುಗಳಿದ್ದವು. ಮೇಲಿನ ಡ್ರೈವಿಗೆ ಪ್ರೋಗ್ರಾಮಿನ ಫ್ಲಾಪಿ, ಕೆಳಗಿನದಕ್ಕೆ ನಾವು ಮಾಡಿದ ಕೆಲಸ ಉಳಿಸುವ ಫ್ಲಾಪಿ. ಆಗಿನ ಫ್ಲಾಪಿಗಳು ಹಪ್ಪಳದಷ್ಟು ಅಗಲ, ಎತ್ತಿದರೆ ಬಳುಕುತ್ತಿದ್ದವು. ಹಾರ್ಡ್ ಡಿಸ್ಕ್ ಎಂಬುದನ್ನು ನಾನಿನ್ನೂ ಕಣ್ಣಿಂದ ನೋಡಿರಲಿಲ್ಲ.

ಆ ವರ್ಷ ನನ್ನ ಬಳಿ ಇದ್ದದ್ದು ಒಬ್ಬ ಲೆಕ್ಚರರ್ ಮೇಡಂ ಅವರ ಥೀಸಿಸ್ಸು. ಬೆಂಗಳೂರಿನ ದಕ್ಷಿಣ ಭಾಗದ ಕೆರೆಗಳ ಮೇಲೆ ಎಂಟು ವರ್ಷ ಕೆಲಸ ಮಾಡಿದ್ದರು. ಕಾಲೇಜು, ಮನೆ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಇವೆಲ್ಲದರ ನಡುವೆ ಮಾಡಿದ ಕೆಲಸ. ಯೂನಿವರ್ಸಿಟಿ ಎರಡು ಸಲ ಅವಧಿ ವಿಸ್ತರಿಸಿ ಕೊಟ್ಟಿತ್ತು, ಮೂರನೇ ಸಲ ಇಲ್ಲ ಎಂದು ಬರೆದು ತಿಳಿಸಿತ್ತು. ಡಿಸೆಂಬರಿನ ಕೊನೆಯೊಳಗೆ ಸಲ್ಲಿಸದಿದ್ದರೆ ರಿಜಿಸ್ಟ್ರೇಷನ್ ರದ್ದು, ಎಂಟು ವರ್ಷಕ್ಕೆ ಎಳ್ಳುನೀರು.

ಮೊದಲ ನಾಲ್ಕು ಅಧ್ಯಾಯಗಳನ್ನು ಅವರ ಕೈಬರಹ ನೋಡಿ ಟೈಪ್ ಮಾಡಿ, ಪ್ರಿಂಟ್ ತೆಗೆದು ಕೊಟ್ಟಿದ್ದೆ. ಐದು ಮತ್ತು ಆರನೆಯದನ್ನು ಮಾತ್ರ ಅವರು ಕಾಲೇಜು ಮುಗಿಸಿಕೊಂಡು ಬಂದು ನನ್ನ ಪಕ್ಕ ಕೂತು ಬಾಯಲ್ಲೇ ಹೇಳುತ್ತಿದ್ದರು. ಹೇಳಿದ್ದನ್ನು ತಿದ್ದುತ್ತಿದ್ದರು, ತಿದ್ದಿದ್ದನ್ನು ಮತ್ತೆ ಬದಲಿಸುತ್ತಿದ್ದರು. ಒಂದು ದಿನ, "ಇದನ್ನ ಒಂದ್ಸಲ ಪ್ರಿಂಟ್ ತೆಗೆದಿಟ್ಕೊಳ್ಳೋಣ್ವಾ?" ಎಂದು ಕೇಳಿದರು.

"ಯಾಕೆ ಮೇಡಂ ಸುಮ್ನೆ ಕಾಗದ ದಂಡ? ಎಲ್ಲಾ ಫ್ಲಾಪಿಲಿ ಭದ್ರವಾಗಿದೆ. ಕೊನೇಲಿ ಒಟ್ಟಿಗೆ ತೆಗೆಯೋಣ," ಎಂದೆ ನಾನು. ಮಹಾ ತಿಳಿದವಳ ಹಾಗೆ ಹೇಳಿದೆ.

ಹಬ್ಬ ಮುಗಿದು ಮೂರನೇ ದಿನ ಕಂಪ್ಯೂಟರು ಹಾಕಿದರೆ ಕೆಳಗಿನ ಡ್ರೈವು ಕರಕರ ಎಂದಿತು. ಕೆಂಪು ದೀಪ ಹತ್ತಿತು, ಆರಲೇ ಇಲ್ಲ. ಮಾರಿದ ಕಂಪನಿಗೆ ಫೋನು ಮಾಡಿದೆ. ನಾಲ್ಕನೇ ಬ್ಲಾಕಿನ ಅವರ ಆಫೀಸಿನಿಂದ ಟೈ ಕಟ್ಟಿದ ಇಂಜಿನಿಯರೊಬ್ಬರು ಸ್ಕೂಟರಿನಲ್ಲಿ ಬಂದರು. ಡಬ್ಬಿ ಬಿಚ್ಚಿ, ಚಿಮಟದಲ್ಲಿ ಏನನ್ನೋ ಎತ್ತಿ ನನ್ನ ಅಂಗೈ ಮೇಲಿಟ್ಟರು. ಹಳದಿ ಅಕ್ಕಿಕಾಳು.

"ಅಕ್ಷತೆ ಮೇಡಂ. ಇದಕ್ಕೆ ವಾರಂಟಿ ಬರಲ್ಲ."

ಪಿತ್ತ ನೆತ್ತಿಗೇರಿತು. "ನಿಮ್ಮ ಆಫೀಸ್ ಬಾಗ್ಲಲ್ಲಿ ಒಡೆದ ಬೂದುಗುಂಬಳ ಇನ್ನೂ ಅಲ್ಲೇ ಬಿದ್ದಿದೆ, ನಿನ್ನೆ ನೋಡ್ಕೊಂಡ್ ಬಂದಿದೀನಿ. ಈ ಊರಲ್ಲಿ ಆಯುಧಪೂಜೆ ಮಾಡ್ತಾರೆ ಅಂತ ಗೊತ್ತಿಲ್ದೆ ವ್ಯಾಪಾರಕ್ಕೆ ಕೂತ್ರಾ? ವಾರಂಟಿ ಕಾರ್ಡಲ್ಲಿ ಅಕ್ಷತೆ ಹಾಕ್ಬೇಡಿ ಅಂತ ಎಲ್ಲಿ ಬರ್ದಿದೆ, ತೋರ್ಸಿ."

ಪಾಪ, ಒಳ್ಳೆಯ ಮನುಷ್ಯ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬರ್ದಿಲ್ಲ ಮೇಡಂ," ಎಂದು ಒಪ್ಪಿಕೊಂಡು ಡ್ರೈವನ್ನು ಬಿಚ್ಚಿ ತೆಗೆದುಕೊಂಡು ಹೋದರು. ಅದರ ಮೂಲೆಯಲ್ಲಿ ಅಮ್ಮ ಇಟ್ಟ ಕುಂಕುಮ ಹಾಗೇ ಇತ್ತು. ವಾರದ ಮೇಲೆ ಬಂದು ಬೇರೆಯದೊಂದನ್ನು ಕೂರಿಸಿ, ಹೊಚ್ಚ ಹೊಸದು ಎಂದು ಹೇಳಿ ರಸೀತಿಗೆ ಸಹಿ ಹಾಕಿಸಿಕೊಂಡರು. ಆ ಕಾರ್ಡಿನಲ್ಲೇ ಅಚ್ಚಾಗಿತ್ತು, ಕೆಟ್ಟ ಭಾಗದ ಬದಲಿಗೆ ಹೊಸ ಭಾಗ ಕೊಡಲಾಗುವುದು ಎಂದು.

ಅವರು ಹೋದ ಮೇಲೆ ಅಮ್ಮ ಕಾಫಿ ಲೋಟ ಇಡಲು ಬಂದವಳು ಬಗ್ಗಿ ನೋಡಿ, "ಇದು ಹೊಸದಲ್ವೇ ಅಲ್ಲ ಕಣೇ. ಯಾರೋ ವಿಭೂತಿ ಹಚ್ಚೋರ ಮನೇದು," ಎಂದಳು.

ನಿಜ. ಡ್ರೈವಿನ ಬಾಗಿಲ ಪಕ್ಕ, ಕಪ್ಪು ಪ್ಲಾಸ್ಟಿಕ್ಕಿನ ಮೇಲೆ, ಮೂರು ಬೆರಳಲ್ಲಿ ಎಳೆದ ಮೂರು ಬಿಳಿ ಗೆರೆಗಳು. ಯಾರೋ ಒರೆಸಿದ್ದರು, ಪೂರ್ತಿ ಹೋಗಿರಲಿಲ್ಲ. ನಾನು ಬಟ್ಟೆ ತೆಗೆದುಕೊಂಡರೆ ಅಮ್ಮ ಕೈ ಹಿಡಿದಳು. "ಬೇಡ ಬಿಡು. ವಿಭೂತಿ ಅದು, ಒರೆಸ್ಬಾರ್ದು."

ಹಳೆಯದೋ ಹೊಸದೋ, ಓದಿದರೆ ಸಾಕಿತ್ತು. ಐದನೇ ಅಧ್ಯಾಯದ ಫ್ಲಾಪಿ ಹಾಕಿದೆ. ಓದಲಿಲ್ಲ. ಆರನೆಯದೂ ಓದಲಿಲ್ಲ. ಮೇಲಿನ ಡ್ರೈವಿಗೆ ಹಾಕಿದರೂ ಓದಲಿಲ್ಲ. ಖಾಲಿ ಫ್ಲಾಪಿ ಹಾಕಿ ಏನಾದರೂ ಟೈಪ್ ಮಾಡಿ ಉಳಿಸಿದರೆ ಮಾತ್ರ ಚೆನ್ನಾಗಿ ಓದುತ್ತಿತ್ತು.

ಮರುದಿನ ಕಂಪನಿಯ ಆಫೀಸಿಗೇ ಹೋದೆ. ಮ್ಯಾನೇಜರು ಬಹಳ ಮರ್ಯಾದೆಯ ಮನುಷ್ಯ, ಕೂರಿಸಿ ನೀರು ಕೊಡಿಸಿದರು. "ಬ್ರ್ಯಾಂಡ್ ನ್ಯೂ ಪೀಸ್ ಮೇಡಂ ಅದು. ನಾವು ಹಳೇದನ್ನೆಲ್ಲ ಸ್ಕ್ರ್ಯಾಪ್ ಮಾಡಿಬಿಡ್ತೀವಿ," ಎಂದರು.

"ಹೊಸ ಡ್ರೈವು ಹುಟ್ಟುವಾಗ್ಲೇ ವಿಭೂತಿ ಹಚ್ಕೊಂಡ್ ಬಂತಾ ಸಾರ್?"

ಅವರು ನಕ್ಕರು. ನಾನು ನಗಲಿಲ್ಲ. ಅಲ್ಲಿಂದ ಒಂದೂವರೆ ತಿಂಗಳು ಅದೇ ಆಯಿತು. ಪತ್ರ ಬರೆಯುವುದು, ಹೋಗುವುದು, ನೀರು ಕುಡಿದು ಬರುವುದು. ನನ್ನ ಪತ್ರಗಳ ಭಾಷೆ ಕ್ರಮೇಣ ಬಿಸಿಯಾಯಿತು. ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಎಂದೂ ಬರೆದೆ. ಆಗ ಇನ್ನೊಂದು ಡ್ರೈವು ಬಂತು. ಅದು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡಿ ಎರಡೇ ದಿನಕ್ಕೆ ನಿಂತುಹೋಯಿತು. ಮತ್ತೆ ಆ ವಿಭೂತಿಯದನ್ನೇ ತಂದು ಹಾಕಿದರು.

ಇಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಲೆಕ್ಚರರ್ ಮೇಡಂ ಪ್ರತಿ ಸಂಜೆ ಬಂದು, ಬಾಗಿಲಲ್ಲೇ ನನ್ನ ಮುಖ ನೋಡಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ಮತ್ತೆ ಹೇಳಿ ಬರೆಸಲು ಪ್ರಯತ್ನಿಸಿದರು. ಎರಡು ಪುಟವಾಗುವಷ್ಟರಲ್ಲಿ, "ಇಲ್ಲ, ಹೀಗಿರ್ಲಿಲ್ಲ ಅದು," ಎಂದು ನಿಲ್ಲಿಸಿಬಿಟ್ಟರು. ನನ್ನನ್ನು ಬೈದಿದ್ದರೆ ಸುಲಭವಾಗಿತ್ತು. ಅವರು ಬೈಯಲಿಲ್ಲ.

ಕೊನೆಗೆ ಗುಟ್ಟು ಹೇಳಿದವರು ಆ ಇಂಜಿನಿಯರು. ಒಂದು ಮಧ್ಯಾಹ್ನ ಸ್ಕೂಟರು ನಿಲ್ಲಿಸಿ, ಒಳಗೂ ಬಾರದೆ ಗೇಟಿನ ಹತ್ತಿರವೇ ಹೇಳಿದರು. "ಮೇಡಂ, ನಿಮ್ಮ ಫ್ಲಾಪಿ ಕೆಟ್ಟಿಲ್ಲ. ನಿಮ್ಮ ಹಳೇ ಡ್ರೈವಿಂದು ಹೆಡ್ಡು ಮೊದ್ಲಿಂದ್ಲೂ ಒಂಚೂರು ವಾಲಿತ್ತು. ಅದು ಸೊಟ್ಟಗೆ ಬರೀತಿತ್ತು, ಸೊಟ್ಟಗೇ ಓದ್ತಿತ್ತು. ಬೇರೆ ಡ್ರೈವಿಗೆ ಆ ಬರಹ ಅರ್ಥ ಆಗಲ್ಲ. ಅದೊಂದೇ ಓದೋದು."

"ಅದು ಸ್ಕ್ರ್ಯಾಪ್ ಆಯ್ತಲ್ಲಾ ಸಾರ್?"

"ಎಲ್ಲಿ ಸ್ಕ್ರ್ಯಾಪು? ಅಕ್ಕಿ ತೆಗೆದು ಕ್ಲೀನ್ ಮಾಡಿದ್ ಮೇಲೆ ಓಡ್ತಿತ್ತು. ಯಾರಿಗೋ ಹಾಕ್ಬಿಟ್ರು. ಯಾರಿಗೆ ಅಂತ ರಿಜಿಸ್ಟರ್ ಮ್ಯಾನೇಜರ್ ಹತ್ರ ಇದೆ. ನಾನ್ ಹೇಳ್ದೆ ಅನ್ಬೇಡಿ."

ನಾನು ಚಪ್ಪಲಿ ಮೆಟ್ಟಿಕೊಂಡು ನೇರ ಹೊರಟೆ. ಮ್ಯಾನೇಜರು ಈ ಸಲ ನೀರು ಕೊಡಿಸಲಿಲ್ಲ. ನನ್ನ ಪತ್ರಗಳ ಕಟ್ಟನ್ನು ಮೇಜಿನ ಮೇಲಿಟ್ಟು ಬಹಳ ಮೆತ್ತಗೆ ಹೇಳಿದರು. "ವಿಳಾಸ ಕೊಡೋಣ ಮೇಡಂ. ನೀವೂ ಒಂದು ಸಹಾಯ ಮಾಡಿ. ಈ ಕಂಪ್ಲೇಂಟೆಲ್ಲ ವಾಪಸ್ ತಗೊಂಡು, ರಿಪ್ಲೇಸ್‌ಮೆಂಟ್ ಹೊಸದೇ ಬಂತು, ತೃಪ್ತಿಯಾಗಿದೆ ಅಂತ ಒಂದು ಲೆಟರ್ ಕೊಡಿ. ನಿಮ್ಮ ಲೆಟರ್‌ಹೆಡ್ಡಲ್ಲೇ ಕೊಡಿ."

ಒಂದೂವರೆ ತಿಂಗಳು ಜಗಳ ಆಡಿದವಳು ನಾನು. ಕೋಪ ಯಾವಾಗಲೂ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆವತ್ತು ಮಾತ್ರ ಅದು ಎಲ್ಲಿ ಹೋಯಿತೋ. ಮನೆಗೆ ಬಂದೆ. ಅಪ್ಪನ ಹೆಸರು, ನಮ್ಮ ವಿಳಾಸ ಅಚ್ಚಾದ ಕಾಗದದ ಮೇಲೆ ಐದು ಸಾಲು ಟೈಪ್ ಮಾಡಿದೆ. ಕಂಪನಿಯವರು ಕೊಟ್ಟ ಡ್ರೈವ್ ಸಂಪೂರ್ಣ ಹೊಸದು, ಅವರು ಹಳೆಯ ಭಾಗಗಳನ್ನು ಎಂದೂ ಬಳಸುವುದಿಲ್ಲ ಎಂಬುದನ್ನು ನಾನು ಸ್ವತಃ ಬಲ್ಲೆ. 'ಸ್ವತಃ' ಎಂಬ ಮಾತು ಮ್ಯಾನೇಜರು ಹೇಳಿಕೊಟ್ಟದ್ದಲ್ಲ, ಪತ್ರ ಚೆನ್ನಾಗಿ ಕಾಣಲಿ ಎಂದು ನಾನೇ ಸೇರಿಸಿದ್ದು. ಸಹಿ ಹಾಕಿ ಕೊಟ್ಟು ವಿಳಾಸ ತಂದೆ.

ಬಿಟಿಎಂ ಲೇಔಟಿನಲ್ಲಿ ಒಬ್ಬ ಮನೆ ಕಟ್ಟಿಸುವ ಕಾಂಟ್ರಾಕ್ಟರರ ಆಫೀಸು. ಮರುದಿನ ಬೆಳಿಗ್ಗೆ ಲೆಕ್ಚರರ್ ಮೇಡಂ ರಜೆ ಹಾಕಿ ಬಂದರು. ಆಟೋದಲ್ಲಿ ಫ್ಲಾಪಿ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು. ಸುದ್ದಗುಂಟೆಪಾಳ್ಯದ ಕಡೆ ತಿರುಗಿದ ಮೇಲೆ ಬರೀ ಖಾಲಿ ಸೈಟುಗಳು, ಗಡಿ ಕಲ್ಲುಗಳು, ಜಲ್ಲಿ ರಾಶಿ. ಒಂದು ಕಡೆ ಅವರು ಕೈ ತೋರಿಸಿ, "ಇಲ್ಲೊಂದು ನೀರಿನ ಕಟ್ಟೆ ಇತ್ತು. ಐದನೇ ಅಧ್ಯಾಯ," ಎಂದರು.

ಕಾಂಟ್ರಾಕ್ಟರು ನಮ್ಮ ಕಥೆ ಕೇಳಿ, "ಹೊಸದು ಅಂತ ಹೇಳಿದ್ರಲ್ರೀ ನಂಗೆ!" ಎಂದು ಕೂಗಾಡಿ, ಆಮೇಲೆ ಕುರ್ಚಿ ಬಿಟ್ಟುಕೊಟ್ಟರು. ಡ್ರೈವಿನ ಮೂಲೆಯ ಸಂದಿಯಲ್ಲಿ ಅಮ್ಮನ ಕುಂಕುಮ ಸಾಸಿವೆಯಷ್ಟು ಉಳಿದಿತ್ತು. ಫ್ಲಾಪಿ ಹಾಕಿದೆ. ಒಂದು ಕ್ಷಣ ಕರ್ರೆಂದು, ಪರದೆಯ ಮೇಲೆ ಐದನೇ ಅಧ್ಯಾಯದ ಮೊದಲ ಸಾಲು ಬಂತು. ಲೆಕ್ಚರರ್ ಮೇಡಂ ನನ್ನ ಭುಜ ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಸಂಜೆಯವರೆಗೂ ನೋಯುತ್ತಿತ್ತು. ಕಾಂಟ್ರಾಕ್ಟರರ ಕಂಪ್ಯೂಟರಿನ ಮೇಲಿನ ಡ್ರೈವು ಸರಿಯಾಗಿದ್ದದ್ದರಿಂದ ಎರಡೂ ಅಧ್ಯಾಯಗಳನ್ನು ಅದರಲ್ಲಿಟ್ಟ ಖಾಲಿ ಫ್ಲಾಪಿಗೆ ನಕಲು ಮಾಡಿಕೊಂಡೆವು. ಈಗ ಅವನ್ನು ಯಾವ ಡ್ರೈವು ಬೇಕಾದರೂ ಓದುತ್ತಿತ್ತು. ಗಡುವಿಗೆ ನಾಲ್ಕು ದಿನ ಮುಂಚೆ ಥೀಸಿಸ್ ಸಲ್ಲಿಕೆಯಾಯಿತು. ಮೇಡಂ ಮನೆಗೆ ಬಂದು ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಹೋದರು. ಅಮ್ಮನಿಗೆ ಯಾಕೆಂದು ಗೊತ್ತಾಗಲಿಲ್ಲ. ಹಳೆಯ ಡ್ರೈವನ್ನೇ ತಿರುಗಿಸಿ ಮಾರುವ ಕಂಪನಿಯ ಕಳ್ಳತನವೇ ನಮ್ಮನ್ನು ಉಳಿಸಿತಲ್ಲ ಎಂದು ನಾನು ಕೆಲವು ದಿನ ನಗುತ್ತಿದ್ದೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ವಯಸ್ಸಾದವರೊಬ್ಬರು ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಬಟ್ಟೆ ಚೀಲ. ವಿಲ್ಸನ್ ಗಾರ್ಡನ್ನಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು, ಮೂಲ ಧಾರವಾಡದ ಕಡೆಯವರು.

"ನಿಮ್ಮ ಪತ್ರ ಆ ಕಂಪ್ಯೂಟರ್ ಆಫೀಸ್‌ನಾಗ ಗೋಡೆಗೆ ಫ್ರೇಮ್ ಹಾಕ್ಯಾರ್ರೀ. ಅದ್ರಾಗ ನಿಮ್ಮ ವಿಳಾಸ ನೋಡಿ ಬಂದೆ," ಎಂದರು. "ಒಂದಿಷ್ಟು ಟೈಪ್ ಮಾಡಿಕೊಡಬೇಕ್ರಿ."

ಅವರ ಅಣ್ಣ ಸಾಯುವ ಮುಂಚೆ ಮನೆತನದ ಏಳು ತಲೆಮಾರಿನ ವಂಶಾವಳಿಯನ್ನು ಬಾಯಲ್ಲಿ ಹೇಳಿ ಅಂಗಡಿಯ ಕಂಪ್ಯೂಟರಿಗೆ ಹಾಕಿಸಿದ್ದರಂತೆ. ಡ್ರೈವು ಕೆಟ್ಟಿತು, ಕಂಪನಿಯವರು ಬದಲಾಯಿಸಿದರು, ಆಮೇಲೆ ಫ್ಲಾಪಿ ಓದಲಿಲ್ಲ. ಹಳೆಯ ಡ್ರೈವು ಸಿಕ್ಕೀತೇ ಎಂದು ಕೇಳಲು ಹೋದರೆ ಮ್ಯಾನೇಜರು ಗೋಡೆಯ ಮೇಲಿನ ನನ್ನ ಪತ್ರ ತೋರಿಸಿದರಂತೆ. ನೋಡಿ, ಹಳೆಯದನ್ನು ನಾವು ಇಟ್ಟುಕೊಳ್ಳುವುದೇ ಇಲ್ಲ, ಈ ಮೇಡಂ ಸ್ವತಃ ಬಲ್ಲರು.

"ಅಷ್ಟ ಆತಲ್ಲ ಅಂತ ಆ ಫ್ಲಾಪಿಗೋಳ್ನ ಬಚ್ಚಲ ಒಲಿಗೆ ಹಾಕಿಬಿಟ್ಟೆ ನೋಡ್ರಿ. ಇಟ್ಕೊಂಡು ಏನ್ ಮಾಡೋದು? ಈಗ ನನಗ ನೆನಪಿದ್ದಷ್ಟು ಒಂದು ನೋಟ್‌ಬುಕ್ಕಿನಾಗ ಬರ್ದೀನಿ."

ಅವರು ಬಗ್ಗಿ ಚೀಲದಲ್ಲಿ ನೋಟ್‌ಬುಕ್ಕು ಹುಡುಕತೊಡಗಿದರು. ನನ್ನ ಡ್ರೈವಿನ ಮೇಲಿನ ಆ ಮೂರು ಗೆರೆಗಳು ಅವರ ಮುಖದಿಂದ ಎರಡು ಅಡಿ ದೂರದಲ್ಲಿದ್ದವು. ತಲೆ ಎತ್ತಿದರೆ ಕಾಣಿಸುತ್ತಿದ್ದವು. ನಾನು ಹೆಬ್ಬೆರಳು ಒತ್ತಿ ಅವುಗಳನ್ನು ಒರೆಸಿಬಿಟ್ಟೆ. ನಾಚಿಕೆಯಾಯಿತು, ಆದರೂ ಕೈ ನಿಲ್ಲಲಿಲ್ಲ. ಕಾಫಿ ಹಿಡಿದು ಬಾಗಿಲಿಗೆ ಬಂದಿದ್ದ ಅಮ್ಮ ಅದನ್ನು ನೋಡಿದಳು. ಲೋಟವನ್ನು ಅವರ ಮುಂದಿಟ್ಟು ಒಳಗೆ ಹೋದಳು.

ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು, ನಾನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದೆ. ಅಪ್ಪ, ಅಜ್ಜ, ಮುತ್ತಜ್ಜ. ನಾಲ್ಕನೇ ತಲೆಮಾರಿಗೆ ಬಂದಾಗ ನಿಲ್ಲಿಸಿದರು.

"ಇಲ್ಲೊಂದು ಹೆಸರು ಐತ್ರಿ, ನೆನಪಿಗೆ ಬರವಲ್ದು. ಅಣ್ಣಗ ಗೊತ್ತಿತ್ತು. ಜಾಗಾ ಬಿಡ್ರಿ ತಂಗಿ."

ವಿಭೂತಿ ಹತ್ತಿದ್ದ ಅದೇ ಹೆಬ್ಬೆರಳಲ್ಲಿ ಸ್ಪೇಸ್ ಬಾರ್ ಒತ್ತಿ, ಒಂದು ಹೆಸರಿನಷ್ಟು ಜಾಗ ಬಿಟ್ಟೆ.