ದೇವರಿಲ್ಲದ ಬೆಟ್ಟ

ಅರವತ್ತರ ಹತ್ತಿರ ಬಂದ ಹೆಂಗಸೊಬ್ಬಳು ಬೆನ್ನಿಗೆ ಇಷ್ಟೆತ್ತರದ ಚೀಲ ಏರಿಸಿಕೊಂಡು ಬೆಳಗಾಗೆದ್ದು ಜಕ್ಕೂರು ಕೆರೆ ಸುತ್ತಿದರೆ ಊರು ಸುಮ್ಮನಿರುವುದಿಲ್ಲ. ಚೀಲದಲ್ಲಿ ಇರುವುದು ರಾಗಿ. ಎತ್ತರದ ಬೆಟ್ಟಗಳಿಗೆ ಹೋಗುವ ಮುಂಚೆ ಭಾರ ಹೊತ್ತು ನಡೆದು ಕಾಲಿಗೆ ಅಭ್ಯಾಸ ಮಾಡಿಸಬೇಕು. ನಮ್ಮ ಮನೆಯಲ್ಲಿ ಥಟ್ಟನೆ ಕೈಗೆ ಸಿಗುವ ಭಾರವೆಂದರೆ ರಾಗಿಯೇ. ಇದನ್ನು ಹಾಲಿನ ಅಂಗಡಿಯ ನಂಜಪ್ಪನಿಗೆ ವಿವರಿಸಲು ಹೋಗಿ ಹಲವು ಸಲ ಸೋತಿದ್ದೇನೆ. "ಏನಕ್ಕಾ, ಗಂಟುಮೂಟೆ ಕಟ್ಕಂಡು ಒಂಟೇಬಿಟ್ರಾ?" ಎನ್ನುತ್ತಾನೆ. ಮಿಲ್ಲಿಗೆ ಎಂದರೆ ನಂಬುತ್ತಾನೆ. ಹಿಮಾಲಯಕ್ಕೆ ಎಂದರೆ ಅಲ್ಲಿ ಯಾವ ದೇವರು ಎಂದು ಕೇಳುತ್ತಾನೆ. ಯಾವ ದೇವರೂ ಇಲ್ಲ ಕಣಪ್ಪ, ಸುಮ್ಮನೆ ನಡೆಯೋಕೆ ಎಂದರೆ ಹಾಲಿನ ಪ್ಯಾಕೆಟ್ಟು ಕೈಗಿಟ್ಟು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡುತ್ತಾನೆ. ಅವನ ಪ್ರಶ್ನೆ ಅಷ್ಟೇನೂ ಹಗುರವಾದದ್ದಲ್ಲ ಎಂದು ನನಗೆ ಗೊತ್ತಾದದ್ದು ಈ ವರ್ಷ.

ಈ ಹುಚ್ಚು ನನಗೆ ಹತ್ತಿಸಿದವಳು ಶೋಭಾ, ನನ್ನ ಗಂಡನ ತಂಗಿ. ಯಲಹಂಕಕ್ಕೆ ಮದುವೆಯಾಗಿ ಹೋಗಿ ಅಲ್ಲೇ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಾಳೆ. ನಾನು ಆರ್.ಟಿ. ನಗರದ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಾ ಜಗತ್ತಿನ ಕಣಿವೆಗಳನ್ನೆಲ್ಲ ದಂಡೆತ್ತಿ ಬಂದವರ ಹೆಸರಿನಲ್ಲಿ ಮಾತ್ರ ಬಲ್ಲವಳಾಗಿದ್ದೆ. "ಅತ್ತಿಗೆ, ಪಾಠ ಮಾಡಿದ್ದು ಸಾಕು, ಒಂದ್ಸಲ ನಡ್ದು ನೋಡಿ" ಎಂದು ಅವಳು ಎಳೆದುಕೊಂಡು ಹೋದದ್ದು. ಅಂದಿನಿಂದ ಪ್ರತಿವರ್ಷ ನಾವಿಬ್ಬರೂ ಬೆನ್ನುಚೀಲ ಏರಿಸಿ ಎಲ್ಲಾದರೊಂದು ಮೇಲುನಾಡಿಗೆ ಹೋಗುತ್ತೇವೆ. ನನ್ನ ಗಂಡನಿಗೆ ಮಂಡಿನೋವು. ಅದಕ್ಕಿಂತ ಹೆಚ್ಚಾಗಿ, ಮನೆಯ ಊಟ ಬಿಟ್ಟು ದೂರ ಇರಲಾರದ ನೋವು. ಹಾಗಾಗಿ ಮನೆಗೆ ಅವರು, ಅವರಿಗೆ ನಮ್ಮ ಅತ್ತೆ. "ಓಗ್ ಬನ್ರವ್ವ, ಇವನಿಗೆ ಅನ್ನ ಆಕೋಕೆ ನಾನಿಲ್ವಾ" ಎಂದು ಅತ್ತೆ ನಮ್ಮನ್ನು ಬಾಗಿಲವರೆಗೆ ಬಂದು ಕಳಿಸುತ್ತಿದ್ದರು.

ಶಿವರಾತ್ರಿಯ ಹಿಂದುಮುಂದೆ ಅತ್ತೆ ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ನಮ್ಮ ಕಡೆ ಒಂದು ಕಟ್ಟಳೆ ಇದೆ, ನಿಮ್ಮಲ್ಲೂ ಇರಬಹುದು. ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಆ ಮನೆಯವರು ಹಬ್ಬ ಮಾಡುವಂತಿಲ್ಲ, ಬೆಟ್ಟ ಹತ್ತುವಂತಿಲ್ಲ. ಹಬ್ಬದ ವಿಷಯ ಸರಿ. ಆದರೆ ಬೆಟ್ಟ? ಅತ್ತೆ ಇದ್ದಾಗಲೇ ಹಿಮಾಲಯದ ಸ್ಪಿತಿ ಕಣಿವೆಗೆ ಹೋಗುವುದೆಂದು ನಾವು ನಿಶ್ಚಯ ಮಾಡಿಯಾಗಿತ್ತು. ಈ ಮನೆತನಕ್ಕೆ ಈಗ ಹಿರಿಯರೆಂದರೆ ಹಳೇ ಊರಿನ ಬೀದಿಯಲ್ಲಿರುವ ನಮ್ಮ ದೊಡ್ಡಮಾವ, ಎಂದರೆ ಶೋಭಾಳ ದೊಡ್ಡಪ್ಪ. ಹೊಲವಿದ್ದ ಜಾಗದಲ್ಲೆಲ್ಲ ಈಗ ಅಪಾರ್ಟ್‌ಮೆಂಟು. ಅವುಗಳ ಬಾಡಿಗೆ ಬಂದರೂ ಅವರು ಮಾತ್ರ ಜಗುಲಿ ಬಿಟ್ಟು ಕದಲಿದವರಲ್ಲ. ಇಬ್ಬರೂ ಅವರ ಹತ್ತಿರ ಹೋದೆವು.

ಶೋಭಾ ವಾದ ತಯಾರು ಮಾಡಿಕೊಂಡೇ ಬಂದಿದ್ದಳು. "ದೊಡ್ಡಪ್ಪ, ಯಶವಂತಪುರ ಸ್ಟೇಷನ್‌ನಲ್ಲಿ ಹಳದಿ ಬೋರ್ಡ್ ನೋಡಿದ್ದೀರಾ? ಸಮುದ್ರಕ್ಕಿಂತ ಒಂಬೈನೂರು ಮೀಟರ್ ಚಿಲ್ಲರೆ ಎತ್ತರ ಅಂತ ಬರ್ದಿದೆ. ನಾವಿರೋದೇ ಬೆಟ್ಟದ ಮೇಲೆ. ಹಂಗಾದ್ರೆ ಅಣ್ಣ ಅತ್ತಿಗೆ ಊರು ಬಿಡ್ಬೇಕಲ್ಲ?"

"ಇರೋದು ಬ್ಯಾರೆ, ಅತ್ತೋದು ಬ್ಯಾರೆ ಕಣಮ್ಮ" ಎಂದರು ದೊಡ್ಡಮಾವ. ಆಮೇಲೆ ಅವರು ತುಸು ಯೋಚಿಸಿ ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. "ದೇವ್ರಿರೋ ಬೆಟ್ಟ ಬ್ಯಾಡ. ದೇವ್ರಿಲ್ದಿರೋ ಬೆಟ್ಟ ಆದ್ರೆ ಓಗಿ ನೋಡ್ಕಂಡ್ ಬಾರವ್ವ." ಶೋಭಾಳಿಗೆ ಹೇಳಿದ್ದು ಬೇರೆ. "ನಿಂಗೇನಿಲ್ಲ ಬಿಡು. ನೀನು ಬ್ಯಾರೆ ಮನೆಯೋಳು. ನಿಂದು ಮೂರು ದಿನಕ್ಕೇ ಮುಗೀತು. ಯಾವ್ ಬೆಟ್ಟಾನಾದ್ರೂ ಅತ್ಬೋದು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಕಟ್ಟಳೆ ಇರುವುದೇ ಹಾಗೆ: ಮದುವೆಯಾದ ಮಗಳಿಗೆ ತಾಯಿಯ ಸೂತಕ ಮೂರು ದಿನ, ಸೊಸೆಗೆ ವರ್ಷವಿಡೀ ನೇಮ. ಅತ್ತೆ ಹೊತ್ತು ಹೆತ್ತ ಮಗಳು ಮೂರು ದಿನಕ್ಕೆ ಬಿಡುಗಡೆಯಾದಳು. ಅದೇ ಅಡುಗೆಮನೆಯಲ್ಲಿ ಉಪ್ಪು ಖಾರಕ್ಕೆ ಜಗಳವಾಡಿಕೊಂಡಿದ್ದ ನಾನು ಇಡೀ ವರ್ಷಕ್ಕೆ ಸಿಕ್ಕಿಕೊಂಡೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಸಿಕ್ಕಿಕೊಂಡದ್ದು ನನಗೆ ಹಿತವಾಗಿಯೇ ಇತ್ತು ಎಂದು ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ಯಾರಾದರೂ ಮದುವೆಗೆ ಕರೆಯಲು ಬಂದರೆ "ಇವರ ಮನೇಲಿ ಇನ್ನೂ ವರ್ಷ ತುಂಬಿಲ್ಲ" ಎಂದು ಪಕ್ಕದವರು ಮೆಲ್ಲಗೆ ಹೇಳುತ್ತಿದ್ದರು, ಬಂದವರು ದನಿ ತಗ್ಗಿಸುತ್ತಿದ್ದರು. ನನ್ನ ದುಃಖವನ್ನು ನಾನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಯುಗಾದಿಯ ದಿನ ನಮ್ಮ ಒಲೆಯ ಮೇಲೆ ಬರೀ ಅನ್ನ ಸಾರು ಇತ್ತು. ಅದೇ ದಿನ ಯಲಹಂಕದಲ್ಲಿ ಶೋಭಾ ಹೊಸ ಸೀರೆ ಉಟ್ಟು, ಬಾಗಿಲಿಗೆ ತೋರಣ ಕಟ್ಟಿ, ಮನೆಮಂದಿಗೆಲ್ಲ ಒಬ್ಬಟ್ಟು ತಟ್ಟುತ್ತಿದ್ದಳು. ಅವಳ ಮನೆಯಲ್ಲಿ ಸಾವಾಗಿರಲಿಲ್ಲವಲ್ಲ. ಫೋನಿನಲ್ಲಿ "ಹೂರಣ ಸ್ವಲ್ಪ ನೀರಾಯ್ತು ಅತ್ತಿಗೆ" ಎಂದಳು, ಅಷ್ಟೇ.

ದೇವರಿಲ್ಲದ ಬೆಟ್ಟ ಹುಡುಕಲು ಹೊರಟವರ ಪಾಡು ಕೇಳಬೇಡಿ. ಯಶವಂತಪುರದಲ್ಲಿ ಚಂಡೀಗಢದ ರೈಲು ಹತ್ತಿ, ಅಲ್ಲಿಂದ ಬಸ್ಸುಗಳಲ್ಲಿ ಮೂಳೆ ಮೂಳೆ ಕುಲುಕಿಸಿಕೊಂಡು ಸ್ಪಿತಿಯ ಕಾಜಾ ಎಂಬ ಊರು ಸೇರಿದೆವು. ಅಲ್ಲಿ ಮರವಿಲ್ಲ, ಮೋಡವಿಲ್ಲ. ಎತ್ತ ನೋಡಿದರೂ ಮಣ್ಣಿನ ಬಣ್ಣದ ಬರೀ ಬೆಟ್ಟ. ಇಂಥ ಬೋಳು ಜಾಗದಲ್ಲಿ ಯಾವ ದೇವರು ಬಂದಾನು ಎಂದು ನನಗೆ ಧೈರ್ಯ ಬಂತು. ಮರುದಿನವೇ ಆ ಧೈರ್ಯ ಇಳಿಯಿತು. ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಾ ಹೋದಂತೆ ಪ್ರತಿ ಏರಿನ ಮೇಲೂ ಕಲ್ಲಿನ ಗುಡ್ಡೆ, ಗುಡ್ಡೆಗೆ ಕಟ್ಟಿದ ಬಣ್ಣದ ಬಾವುಟಗಳು. ಒಂದೊಂದು ಶಿಖರಕ್ಕೂ ಒಬ್ಬೊಬ್ಬ ದೇವರು, ಪರಸ್ಪರ ನೆಂಟಸ್ತಿಕೆ, ಮುನಿಸು ಬೇರೆ. ನಮ್ಮ ನಂಜಪ್ಪ ಅಲ್ಲಿಗೆ ಬಂದಿದ್ದರೆ ಅವನ ಪ್ರಶ್ನೆಗೆ ಸಾಕುಸಾಕೆನ್ನುವಷ್ಟು ಉತ್ತರ ಸಿಗುತ್ತಿತ್ತು. ಆ ಎತ್ತರದಲ್ಲಿ ಉಸಿರು ಸಾಲದೆ ಒಂದು ವಾಕ್ಯವನ್ನು ಎರಡು ಕಂತಿನಲ್ಲಿ ಹೇಳಬೇಕು. ಹಾಗಾಗಿ ನಾವು ಮಾತು ಕಡಿಮೆ ಮಾಡಿದೆವು. ಶೋಭಾ ಎಂದಿಗಿಂತ ಕಡಿಮೆ ಮಾಡಿದಳು.

ಡೆಮುಲ್ ಎಂಬ ಹಳ್ಳಿಯಲ್ಲಿ ಒಂದು ಮನೆಯಲ್ಲಿ ಉಳಿದೆವು. ಮನೆಯಾಕೆ ನಮ್ಮ ವಯಸ್ಸಿನವಳೇ. ಅದು ಬಟಾಣಿ ಕೊಯ್ಲಿನ ಕಾಲ. ಅಂಗಳದ ತುಂಬ ಚೀಲಗಳು, ಯಶವಂತಪುರದ ಮಾರುಕಟ್ಟೆಯದೇ ಒಂದು ತುಂಡಿನಂತೆ. ಹಳ್ಳಿಯ ಮೇಲಿನ ನೆತ್ತಿಗೆ ಹತ್ತಿದರೆ ಇಡೀ ಕಣಿವೆ ಕಾಣುತ್ತದೆ, ಅದು ನಮ್ಮ ದೇವರ ಜಾಗ, ಹೋಗಿ ಬನ್ನಿ ಎಂದು ಆಕೆ ತನ್ನ ಹಿಂದಿಯಲ್ಲಿ ಹೇಳಿದಳು. ಈ ಪ್ರಯಾಣದಲ್ಲಿ ನಾವು ನೋಡಬೇಕೆಂದುಕೊಂಡಿದ್ದೇ ಅದನ್ನು.

ಬೆಳಿಗ್ಗೆ ಇಬ್ಬರೂ ಹೊರಟೆವು. ಬಾವುಟಗಳು ಕಣ್ಣಿಗೆ ಬಿದ್ದ ಕಡೆ, ಒಂದು ಮೋಟು ಗೋಡೆಯ ಹತ್ತಿರ, ನಾನು ನಿಂತೆ. "ನೀನು ಹೋಗ್ ಬಾ, ನಾನಿಲ್ಲೇ ಕೂತಿರ್ತೀನಿ" ಎಂದೆ. ಅವಳು ವಾದಿಸಲಿಲ್ಲ. ಚೀಲ ನನ್ನ ಬಳಿ ಇಳಿಸಿ ಹತ್ತತೊಡಗಿದಳು. ಅವಳ ಕೆಂಪು ಟೋಪಿ ಚಿಕ್ಕದಾಗುತ್ತಾ ಹೋಯಿತು. ಬಾವುಟಗಳಿಗೆ ಇನ್ನೇನು ಕೂಗಳತೆ ಇದೆ ಎನ್ನುವಾಗ ನಿಂತಳು. ಉಸಿರಿಗೆ ನಿಂತಿದ್ದಾಳೆ ಎಂದುಕೊಂಡೆ. ಕೂತಳು. ಬಹಳ ಹೊತ್ತು ಕೂತಿದ್ದಳು. ಆಮೇಲೆ ಮೇಲೆ ಹೋಗದೆ ಕೆಳಗೆ ಇಳಿಯತೊಡಗಿದಳು.

ನನಗೆ ಗಾಬರಿಯಾಯಿತು. ಎತ್ತರದ ಕಾಯಿಲೆಯ ಲಕ್ಷಣಗಳನ್ನೆಲ್ಲ ಮನಸ್ಸಿನಲ್ಲೇ ಪಾಠದಂತೆ ಒಪ್ಪಿಸಿಕೊಂಡೆ. "ಏನಾಯ್ತೇ? ತಲೆ ನೋಯ್ತಿದ್ಯಾ?"

"ಇಲ್ಲ." ನೀರು ಕುಡಿದಳು. "ಕಾಲು ಬರ್ಲಿಲ್ಲ ಅತ್ತಿಗೆ."

ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದಳು. ಆಮೇಲೆ ಉಸಿರು ಸಿಕ್ಕಿದಷ್ಟು ಸಿಕ್ಕಿದಷ್ಟೇ ಹೇಳಿದಳು. "ಎಲ್ರೂ ನಂಗೆ ಹೋಗ್ಬೋದು ಅಂದ್ರು. ದೊಡ್ಡಪ್ಪ ಅಂದ್ರು. ಯಲಹಂಕದಲ್ಲಿ ನಮ್ಮತ್ತೆ ಹಬ್ಬ ಮಾಡ್ಬೋದು ಅಂದ್ರು. ನೀವೂ ಹೋಗ್ ಬಾ ಅಂದ್ರಿ. ಸತ್ತಿದ್ದು ನಮ್ಮಮ್ಮ ಅತ್ತಿಗೆ. ಒಬ್ರಾದ್ರೂ ನಂಗೆ ಬೇಡ ಅನ್ಬೇಕಿತ್ತು."

ಸಮಾಧಾನದ ಮಾತುಗಳು ಬಾಯಿಗೆ ಬಂದವು, ಅವು ಯಾವುವೂ ಅವಳಿಗೆ ಬೇಕಾದವಲ್ಲ. ಅತ್ತೆ ಹೋದ ಮೇಲೆ ಶೋಭಾಳ ತವರಿನ ಹಿರಿಯ ಹೆಂಗಸು ನಾನೇ ಎಂಬುದು ಆಗ ಮೊದಲ ಸಲ ನೆನಪಿಗೆ ಬಂತು. ನಂಬಿಕೆ ಇರಲಿ ಬಿಡಲಿ, ಅಧಿಕಾರವಂತೂ ಇತ್ತು.

"ಹತ್ಬೇಡ" ಎಂದೆ. "ವರ್ಷ ತುಂಬೋವರೆಗೂ ನೀನು ಯಾವ ಬೆಟ್ಟಾನೂ ಹತ್ಬೇಡ. ದೀಪಾವಳೀನೂ ಮಾಡ್ಬೇಡ. ನಿಮ್ಮತ್ತೆ ಕೇಳಿದ್ರೆ ನಮ್ಮತ್ತಿಗೆ ಬೇಡ ಅಂದಿದ್ದಾರೆ ಅನ್ನು."

ಅವಳು "ಸರಿ ಅತ್ತಿಗೆ" ಎಂದಳು. ಹಾಗೆಂದವಳು ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಅತ್ತೆಯನ್ನು ಮಣ್ಣು ಮಾಡಿದ ದಿನವೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ. ಬಿಸಿಲು ಏರಿದ ಮೇಲೆ ಚೀಲಗಳನ್ನು ಹೊತ್ತು ಇಳಿದೆವು.

ಮನೆಯಾಕೆ ಅಂಗಳದಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಇಷ್ಟು ಬೇಗ ಬಂದಿರಲ್ಲ, ನೆತ್ತಿಯವರೆಗೆ ಹೋದಿರಾ ಎಂದು ಕೇಳಿದಳು. ಈ ಕಟ್ಟಳೆಯನ್ನೆಲ್ಲ ಹಿಂದಿಯಲ್ಲಿ ಹೇಗಪ್ಪಾ ಹೇಳುವುದು ಎಂದು ನಾನು ತಡಕಾಡುತ್ತಿರುವಾಗಲೇ ಶೋಭಾ ಹೇಳಿಬಿಟ್ಟಳು: "ಇಲ್ಲ, ಹೋಗುವ ಹಾಗಿಲ್ಲ. ನಮ್ಮ ಮನೆಯಲ್ಲಿ ಸಾವಾಗಿದೆ."

ಆಕೆ ತಲೆಯಾಡಿಸಿ, ನಮಗೆ ಕೂರಲು ಜಾಗ ಮಾಡಿ, ಕಾಯಿಗಳ ತಟ್ಟೆಯನ್ನು ಮುಂದೆ ಸರಿಸಿದಳು. ನಮ್ಮಿಬ್ಬರದು ಬೇರೆ ಬೇರೆ ಮನೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನೂ ಹೇಳಲಿಲ್ಲ.