ಆಲೆಮನೆಯ ಬಾಣಂತಿ

ಮಹಾಲಯ ಅಮಾವಾಸ್ಯೆ ಬಂತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ನಿಂತಲ್ಲಿ ನಿಲ್ಲಲಾಗುವುದಿಲ್ಲ. ಸ್ಕೂಲಿಗೆ ರಜೆ, ಆದರೆ ಮೇಡಮ್ಮಿಗೆ ಎಲ್ಲಿಯ ರಜೆ? ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಬದಿಯ ನಮ್ಮ ಮನೆಯಲ್ಲಿ ಅಂದು ಸಂಜೆ ಸತ್ತ ಹಿರಿಯರಿಗೆ ಎಡೆ ಇಡಬೇಕು. ಮಟನ್ ಸಾರು, ಮುದ್ದೆ, ವಡೆ, ಕಜ್ಜಾಯ, ಮಾವನವರಿಗೆ ಹೊಸ ಪಂಚೆ, ಒಂದು ಕಟ್ಟು ಬೀಡಿ. ಎಲ್ಲ ಜೋಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಒಳಗೆ ಯಾರೂ ಕಾಲಿಡುವ ಹಾಗಿಲ್ಲ.

ಹೋದ ವರ್ಷ ಕಾಲಿಟ್ಟದ್ದು ನಾಯಿ. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಬಾಗಿಲು ತೆಗೆದು ನೋಡಿದರೆ ಮಾವನವರ ಎಲೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಅತ್ತೆ ಎದೆ ಎದೆ ಬಡಿದುಕೊಂಡರು.

ನಮ್ಮ ಬೀದಿಯಲ್ಲಿ ಅಂಥವು ಎರಡಿವೆ, ಒಂದು ಕರಿ ಹೆಣ್ಣು, ಒಂದು ಕೆಂಪು ಗಂಡು. ಸಾಕಿದವರು ಯಾರೂ ಇಲ್ಲ, ಅನ್ನ ಹಾಕುವವರು ಎಲ್ಲರೂ. ಬೆಳಿಗ್ಗೆ ನಾನು, ಬ್ಲೌಸ್ ಹೊಲಿಯುವ ಗೆಳತಿ, ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಗೆಳತಿ, ಮೂವರೂ ನಾಲೆ ಏರಿಯ ಮೇಲೆ ವಾಕಿಂಗ್ ಹೊರಟರೆ ಇವೆರಡೂ ಹಿಂದೆ ಮುಂದೆ. ಕೊಕ್ಕರೆ ಕಂಡರೆ ಗದ್ದೆಗೆ ಹಾರುತ್ತವೆ, ಕೆಸರು ಮೆತ್ತಿಕೊಂಡು ಬಂದು ನಮ್ಮ ಸೀರೆಗೆ ಒರೆಸುತ್ತವೆ. ಬಾಗಿಲ ಮುಂದೆ ಚಪ್ಪಲಿ ಬಿಟ್ಟರೆ ಒಂದೇ ಉಳಿಯುತ್ತದೆ. ಬೈದು ಬೈದು ನನ್ನ ಬಾಯಿ ನೋಯುತ್ತದೆ. ಒಂದು ದಿನ ಅವು ಕಾಣದಿದ್ದರೂ ನನಗೇ ಕಸಿವಿಸಿ.

ಈ ಸಲ ಅತ್ತೆ ಹಟ ಹಿಡಿದರು. "ಎಡೆ ಇಕ್ಕೋಕ್ ಮುಂಚೆ ಆ ಎಲ್ಡು ಪೀಡೆಗಳ್ನೂ ಎಲ್ಲಾರ ಬುಟ್ಟು ಬಾ," ಎಂದು ಮಗನಿಗೆ ಹೇಳಿದರಂತೆ. ಬೆಳಿಗ್ಗೆ ನಾನು ಎದ್ದು ಮುಖ ತೊಳೆಯುವಷ್ಟರಲ್ಲಿ ನನ್ನ ಗಂಡ ಕರಿಯದಕ್ಕೆ ಬಿಸ್ಕತ್ತು ತೋರಿಸಿ, ಗೋಣಿಚೀಲಕ್ಕೆ ತುಂಬಿ, ಲಗೇಜ್ ಆಟೋದಲ್ಲಿ ಹಾಕಿಕೊಂಡು ಹೋಗಿ ಮಳವಳ್ಳಿ ರಸ್ತೆಯಲ್ಲಿ ದೂರ ಬಿಟ್ಟು ಬಂದಾಗಿತ್ತು. ಕೆಂಪು ಸಿಕ್ಕಿರಲಿಲ್ಲ. ಅವರು ಮಟನ್ ಕವರು ಹಿಡಿದು ನಗುತ್ತಾ ಒಳಗೆ ಬಂದರು. ನನಗೆ ಮೈ ಉರಿದುಹೋಯಿತು.

"ಅವ್ವ ಯೋಳ್ತು ಕಣೆ," ಎಂದರು.

"ಅವ್ವ ಬಾವಿಗೆ ಬೀಳು ಅಂದ್ರೆ ಬೀಳ್ತೀರಾ?"

ಅವರು ಮಟನ್ ಕವರನ್ನು ಕೆಳಗಿಟ್ಟು ಹೊರಗೆ ಹೋದರು. ಈರುಳ್ಳಿ ಹೆಚ್ಚಲು ಕೂತೆ, ಎದ್ದೆ. ಕಾಯಿ ತುರಿಯಲು ಕೂತೆ, ಎದ್ದೆ. ಮಳೆ ನಿಂತು ಬಿಸಿಲು ಬಿದ್ದಿತ್ತು, ಅಂಗಳದ ತುಂಬ ಏರೋಪ್ಲೇನ್ ಚಿಟ್ಟೆ. ಒಂದು ನಾಯಿಗೆ ಇಷ್ಟೊಂದು ಯಾಕೆ ಎಂದು ನನ್ನನ್ನೇ ಗದರಿಕೊಂಡೆ. ಅಷ್ಟರಲ್ಲಿ ಕೆಂಪು ಬಂದು ನನ್ನ ಚಪ್ಪಲಿಯನ್ನೇ ಕಚ್ಚಿಕೊಂಡು ಓಡಿತು.

ಇದ್ದ ಸಿಟ್ಟನ್ನೆಲ್ಲ ಅದರ ಮೇಲೆ ಹಾಕಿ, ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದೆ. ಮನೆಯ ಹಿಂದೆ ಒಂದು ಹಳೆಯ ಆಲೆಮನೆಯಿದೆ. ಬೆಲ್ಲ ಕಾಯಿಸುವುದು ನಿಂತು ವರ್ಷಗಳಾದವು. ಒಳಗೆ ಕಬ್ಬಿನ ಒಣ ಸಿಪ್ಪೆಯ ರಾಶಿ ಹಾಗೆಯೇ ಬಿದ್ದಿದೆ. ಕೆಂಪು ಅಲ್ಲಿಗೆ ನುಗ್ಗಿ, ಚಪ್ಪಲಿ ಕೆಳಗಿಟ್ಟು, ಕುಂಯ್ ಎಂದಿತು. ರಾಶಿಯೊಳಗಿಂದಲೂ ಕುಂಯ್ ಎಂದು ಕೇಳಿತು. ಸಿಪ್ಪೆ ಸರಿಸಿದೆ. ಬೀದಿಯವರ ಒಂಟಿ ಚಪ್ಪಲಿಗಳ ನಡುವೆ ನಾಲ್ಕು ಮರಿಗಳು, ಇನ್ನೂ ಕಣ್ಣೂ ಬಿಟ್ಟಿರಲಿಲ್ಲ.

ಭಾದ್ರಪದ ಅಂದರೆ ನಾಯಿಗಳು ಜೋಡಿ ಹುಡುಕುವ ತಿಂಗಳು ಎಂದಷ್ಟೇ ನಮ್ಮ ತಲೆಯಲ್ಲಿ. ಈಗಲೇ ಮರಿ ಹಾಕಿರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಹೊಟ್ಟೆ ದಪ್ಪಗಿದ್ದಾಗ ಕದ್ದು ತಿಂದ ಕೊಬ್ಬು ಎಂದು ನಕ್ಕಿದ್ದೆವು.

ಕೂಗಿದೆ. ಗೆಳತಿಯರಿಬ್ಬರೂ ಓಡಿ ಬಂದರು. ಡೇರಿಯವಳು ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದು ನೋಡಿ, "ಬಟ್ಟೆ ಬತ್ತೀನ ಹಾಲಲ್ಲಿ ಅದ್ದಿ ಕುಡುಸ್ತೀನಿ. ಆದ್ರೆ ತಾಯಿ ಬರ್ದೆ ವೋದ್ರೆ ಇವು ಉಳಿಯಾಕಿಲ್ಲ ಕಣಮ್ಮಿ. ಬಿರ್‍ನೆ ವೋಗ್ರಿ," ಎಂದಳು.

ಹೊಲಿಗೆಯವಳು ಸ್ಕೂಟರ್ ತಂದಳು. ಗಂಡ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದರು.

"ನಾನೂ ಬರ್ಲಾ?"

"ಬೇಡ. ನಿಮ್ಮನ್ನ ಕಂಡ್ರೆ ಅದು ಮೈಸೂರು ತಲುಪೋಗಂಟ ಓಡುತ್ತೆ. ಎಲ್ಲಿ ಬಿಟ್ರಿ, ಅದನ್ನ ಹೇಳಿ."

ಹುಣಸೆಮರದ ಪಕ್ಕ ಟೀ ಅಂಗಡಿ ಎಂದರು. ದಾರಿಯುದ್ದಕ್ಕೂ ಎಡಕ್ಕೆ ನಾನು, ಬಲಕ್ಕೆ ಅವಳು ನೋಡುತ್ತಲೇ ಹೋದೆವು. ಕಪ್ಪಗೆ ಕಂಡದ್ದೆಲ್ಲ ನಾಯಿಯೇ. ಒಮ್ಮೆ ಟೈರು, ಒಮ್ಮೆ ಎಮ್ಮೆ ಕರು. "ನೆಟ್ಟುಗ್ ಕೂತ್ಕಳ್ಳೇ, ಬೀಳುಸ್ಬುಡ್ತೀಯ," ಎಂದು ಅವಳು ಗದರುತ್ತಿದ್ದಳು. ಕೂರಲಾಗುತ್ತಿರಲಿಲ್ಲ.

ಟೀ ಅಂಗಡಿಯ ಹೆಂಗಸು ನಾವು ಕೇಳುವುದನ್ನೇ ಕಾಯುತ್ತಿದ್ದವಳಂತೆ ಶುರುಮಾಡಿದಳು. "ಕರೀದಾ? ಬಂದಿದ್ದೇ ತಡ ನನ್ನೊಂದ್ ಎಕ್ಕಡ ಕಚ್ಕೊಂಡು ಮದ್ದೂರ್ ಕಡೀಕೆ ವೋಯ್ತು. ಮೊಲೆ ಜೋತಾಡ್ತಿತ್ತು ಕಣವ್ವ, ಅಸೀ ಬಾಣಂತಿ. ಅಂಥದ್ನ ತಂದು ಬುಟ್ಟವ್ನಲ್ಲ, ಯಾವ್ ಮುಂಡೇಮಗ್ನೋ!"

ಆ ಮುಂಡೇಮಗ ನನ್ನ ಗಂಡ ಎಂದು ಹೇಳಲಿಲ್ಲ. ಎಕ್ಕಡಕ್ಕೆ ದುಡ್ಡು ಕೊಡಹೋದರೆ, "ತಗೊಂಡ್ ವೋಗಿ ಮರಿ ಆಡುಸ್ಲಿ ಬುಡು," ಎಂದಳು.

ವಾಪಸು ಬರುವಾಗ ರಸ್ತೆ ಬಿಟ್ಟು ನಾಲೆ ಏರಿ ಹಿಡಿದೆವು. ಬಿಸಿಲು ಇಳಿಯುವ ಹೊತ್ತಿಗೆ ಕಂಡಿತು. ತಲೆ ತಗ್ಗಿಸಿ, ಬಾಯಲ್ಲಿ ನೀಲಿ ಹವಾಯಿ ಚಪ್ಪಲಿ ಕಚ್ಚಿಕೊಂಡು, ನಮ್ಮೂರ ಕಡೆಗೇ ಓಡುನಡಿಗೆಯಲ್ಲಿ ಹೋಗುತ್ತಿತ್ತು. ನಾನು ಇಳಿದು ಕರೆದೆ. ದಿನಾ ನನ್ನ ಸೀರೆಗೆ ಮೈ ಒರೆಸುವ ನಾಯಿ ಅದು. ತಿರುಗಿ ನೋಡಿತು, ನನ್ನ ಚಾಚಿದ ಕೈ ನೋಡಿತು, ಏರಿಯಿಂದ ಧುಮುಕಿ ಭತ್ತದ ಗದ್ದೆಯಲ್ಲಿ ಮಾಯವಾಯಿತು. ಬೆಳಿಗ್ಗೆ ಬಿಸ್ಕತ್ತು ಹಿಡಿದದ್ದೂ ಇಂಥದೇ ಒಂದು ಕೈ ಅಲ್ಲವೆ? ನಾನು ಏರಿಯ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ.

ಮನೆಗೆ ಬಂದಾಗ ಕತ್ತಲು. ಅದು ಬಂದಿರಲಿಲ್ಲ. ಎಡೆಯಾಗಿತ್ತು, ಬಾಗಿಲು ಮುಚ್ಚಿತ್ತು, ಎಲ್ಲರೂ ಜಗಲಿಯಲ್ಲಿ ಕೂತಿದ್ದರು. ಆಲೆಮನೆಯಿಂದ ಮರಿಗಳ ಸದ್ದು ಕೇಳುತ್ತಿತ್ತು. ಹೊತ್ತು ಹೋದಂತೆ ಅದೂ ಸಣ್ಣದಾಯಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ನಾನು ಅವರ ಕಡೆ ನೋಡಲಿಲ್ಲ, ನೋಡಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಆಗ ಹಿತ್ತಲಿನಿಂದ ಡೇರಿಯವಳ ಕೂಗು. "ಬಂತು ಕಣ್ರಮ್ಮೀ! ಬಂತು!"

ನಾವು ಏಳುವ ಮೊದಲು ಅತ್ತೆ ಎದ್ದಿದ್ದರು. ಆಲೆಮನೆಯ ಕಡೆಗಲ್ಲ, ಮುಚ್ಚಿದ ಬಾಗಿಲಿಗೆ ಹೋಗಿ ಅದನ್ನು ತಳ್ಳಿ ತೆರೆದರು. ಧೂಪದ ಹೊಗೆಯೊಳಗೆ ಹೊಕ್ಕು ಮಾವನವರ ಎಲೆಯನ್ನೇ ಎರಡು ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದರು.

"ಅವ್ವಾ, ಅಪ್ಪ ಇನ್ನೂ ಉಂಡೇ ಇಲ್ವೇನೋ," ಎಂದರು ನನ್ನ ಗಂಡ.

"ಉಣ್ದಿದ್ರೆ ಕಾಯ್ಲಿ. ಬಾಣಂತಿ ಅಸ್ಕೊಂಡವ್ಳೆ ಕಣ್ಲಾ."

ಅತ್ತೆ ಆಲೆಮನೆಯ ಬಾಗಿಲಲ್ಲಿಟ್ಟ ಎಲೆಯನ್ನು ಕರಿಯದು ಹರಿದುಹೋಗುವಷ್ಟು ನೆಕ್ಕಿ ತಿಂದಿತು. ಅತ್ತೆ ಮಗನ ಕಡೆ ತಿರುಗಿ, "ನೆಲ ತಣ್ಗದೆ. ಏನಾರ ತಂದು ಆಸ್ಲಾ," ಎಂದರು. ನನ್ನ ಗಂಡ ಓಡಿ ಹೋಗಿ ಕೈಗೆ ಸಿಕ್ಕ ಗೋಣಿಚೀಲ ತಂದು, ಮಂಡಿಯೂರಿ, ಮರಿಗಳ ಪಕ್ಕದಲ್ಲಿ ನೀಟಾಗಿ ಹಾಸಿದರು. ಬೆಳಗಿನ ಚೀಲವೇ ಅದು.

ಕರಿಯದು ಬಂದು ಅದನ್ನು ಮೂಸಿತು. ಚೀಲದ ಮೂಲೆ ಕಚ್ಚಿ, ದರದರ ಎಳೆದುಕೊಂಡು ಹೋಗಿ ಆಲೆಮನೆಯ ಹೊರಗೆ ಬಿಸಾಕಿತು. ಆಮೇಲೆ ಒಳಗೆ ಬಂದು, ಕಬ್ಬಿನ ಸಿಪ್ಪೆಯ ಮೇಲೆ ಮಲಗಿ, ಮರಿಗಳಿಗೆ ಹೊಟ್ಟೆ ಕೊಟ್ಟಿತು. ನನ್ನ ಗಂಡ ಇನ್ನೂ ಮಂಡಿಯೂರಿಯೇ ಇದ್ದರು.